ಹಳೆಯ ಗಿಟಾರಿನ ಹರಾಜು: ಸತ್ಯಕ್ಕೆಷ್ಟು ಬೆಲೆ?

'ಒಂದು ಸಾರಿ... ಎರಡು ಸಾರಿ... ಮೂರು ಸಾರಿ!' ಹರಾಜು ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಈ ಕೂಗು. ದೇವಸ್ಥಾನದ ತೆಂಗಿನಕಾಯಿಯಿರಲಿ, ಊರ ಕೆರೆಯ ಮೀನಿರಲಿ, ಸವಾಲು ಕೂಗುವವರು ಮಾಲನ್ನು ಕಣ್ಣಾರೆ ಕಂಡಿರುತ್ತಾರೆ. ಆದರೆ ಕೂಗುವವನೂ ಇಲ್ಲದ, ಮಾಲೂ ಎದುರಿಗಿಲ್ಲದ, ಮಾರುವವ-ಕೊಳ್ಳುವವ ಒಬ್ಬರ ಮುಖ ಒಬ್ಬರು ನೋಡದ ಹರಾಜೂ ಒಂದುಂಟು. ಅದೇ ಅಂತರ್ಜಾಲದ ಹರಾಜು.

ಇದರ ನೆನಪಾದದ್ದು ಒಂದು ದೂರವಾಣಿ ಕರೆಯಿಂದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಅವನ ಹದಿನೇಳರ ಮಗಳು ಆರು ವರ್ಷ ನುಡಿಸಿದ ಗಿಟಾರನ್ನು ಹರಾಜಿಗಿಟ್ಟು, ಬಂದ ಹಣವನ್ನು ಕಾಲೇಜಿನ ಖರ್ಚಿಗೆ ಸೇರಿಸಬೇಕೆಂದಿದ್ದಳು. ತೊಡಕೊಂದೇ: ಮೇಲುಹಲಗೆಯಲ್ಲಿ, ತಂತಿಗಳನ್ನು ಹೊತ್ತ ಕುದುರೆಯ ಹಿಂದೆ, ಕೂದಲೆಳೆಯಷ್ಟು ಸಣ್ಣ ಬಿರುಕು.

'ಸರ್, ಫೋಟೋದಲ್ಲಿ ಅದು ಕಾಣೋದೇ ಇಲ್ಲ. ಬರೆದರೆ ಬೆಲೆ ಬೀಳುತ್ತೆ, ಬೇಡ ಅಂತೀನಿ ನಾನು. ಬರೀಲೇಬೇಕು ಅಂತಾಳೆ ಅವಳು. ನೀವೇ ಹೇಳಿ' ಎಂದ.

ಹದಿನೆಂಟು ತುಂಬದವರು ಅಲ್ಲಿ ಖಾತೆ ತೆರೆಯುವಂತಿಲ್ಲ. ಆದ್ದರಿಂದ ಗಿಟಾರು ಮಗಳದಾದರೂ ಖಾತೆ ತಂದೆಯ ಹೆಸರಿನಲ್ಲಿತ್ತು. ಬರೆಯುವ ಪ್ರತಿಯೊಂದು ಸಾಲಿಗೂ ಅವನೇ ಹೊಣೆ. ನೀತಿಪಾಠ ಹೇಳುವ ಬದಲು ಲೆಕ್ಕ ಹೇಳುತ್ತೇನೆ ಎಂದೆ. ಆ ಲೆಕ್ಕ ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಯರಿಗೂ ಉಪಯೋಗವಾದೀತು.

ಕೆಟ್ಟ ಸಾಧನಕ್ಕೂ ಗಿರಾಕಿ

1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪಿಯರ್ ಒಮಿಡ್ಯಾರ್ ಎಂಬ ಕಂಪ್ಯೂಟರ್ ತಜ್ಞ 'ಆಕ್ಷನ್‌ವೆಬ್' ಎಂಬ ತಾಣವನ್ನು ಆರಂಭಿಸಿದರು. ಮುಂದೆ ಅದೇ 'ಇಬೇ' ಆಯಿತು. ಅಲ್ಲಿ ಮೊದಲು ಮಾರಾಟವಾದ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬಂದ ಬೆಲೆ 14.83 ಡಾಲರ್. 'ಇದು ಕೆಟ್ಟಿದೆ, ಗೊತ್ತೇ?' ಎಂದು ಒಮಿಡ್ಯಾರ್ ಕೊಂಡವನನ್ನು ವಿಚಾರಿಸಿದರಂತೆ. ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸ ಎಂದು ಉತ್ತರ ಬಂತಂತೆ! ದೋಷವನ್ನು ಮುಚ್ಚಿಡದೆ ಮಾರಿದರೂ ಕೊಳ್ಳುವವರು ಇದ್ದಾರೆ ಎಂಬುದು ಮೊದಲ ವ್ಯಾಪಾರದಲ್ಲೇ ತಿಳಿಯಿತು.

ಎರಡನೆಯವನ ಬೆಲೆ

ಈ ಹರಾಜು ನಡೆಯುವ ಬಗೆ ಸ್ವಾರಸ್ಯಕರ. ಮಾರುವವನು ಆರಂಭದ ಬೆಲೆಯನ್ನೂ ಏಳು ದಿನ, ಹತ್ತು ದಿನ ಎಂದು ಗಡುವನ್ನೂ ಗೊತ್ತುಮಾಡುತ್ತಾನೆ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸುತ್ತಾನೆ. ಆಮೇಲೆ ಅವನ ಪರವಾಗಿ ಯಂತ್ರವೇ ಹೆಜ್ಜೆಹೆಜ್ಜೆಯಾಗಿ ಸವಾಲು ಏರಿಸುತ್ತದೆ.

ಒಂದು ಲೆಕ್ಕ ನೋಡೋಣ. ಗಿಟಾರಿಗೆ ಒಬ್ಬ 200 ಡಾಲರ್, ಇನ್ನೊಬ್ಬ 240 ಡಾಲರ್ ಮಿತಿ ಹಾಕಿದ್ದಾರೆ. ಗೆಲ್ಲುವವನು ಎರಡನೆಯವನು. ಆದರೆ ಅವನು ತೆರಬೇಕಾದುದು 240 ಅಲ್ಲ, 202.50 ಡಾಲರ್ ಮಾತ್ರ. ಅಂದರೆ ಸೋತವನ ಮಿತಿ, ಅದರ ಮೇಲೆ ಒಂದು ಹೆಜ್ಜೆ. ತನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ನಮೂದಿಸಿದರೆ ಅವನಿಗೆ ನಷ್ಟವಿಲ್ಲ. ಎರಡನೆಯ ಬೆಲೆಯ ಹರಾಜಿನ ಈ ಗುಣವನ್ನು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ವಿಕ್ರಿ 1961ರಲ್ಲೇ ಗಣಿತದಿಂದ ತೋರಿಸಿದ್ದರು. 1996ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ವಿಧಿಯಾಟ ನೋಡಿ, ಘೋಷಣೆಯಾದ ಮೂರೇ ದಿನಗಳಲ್ಲಿ ಅವರು ತೀರಿಕೊಂಡರು.

ಕೊಳ್ಳುವವನಿಂದ ನಿಜ ಹೇಳಿಸುವ ಕೆಲಸವನ್ನು ಹರಾಜಿನ ನಿಯಮವೇ ಮಾಡುತ್ತದೆ. ಮಾರುವವನಿಂದ ನಿಜ ಹೇಳಿಸುವವರು ಯಾರು?

ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ

ಇಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞರ ಮಾತು ಬೇಕು. 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಶಂಕಿಸಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರದೆ ಹಿಂದೆ ಸರಿಯುತ್ತಾನೆ. ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಮಾಲು! ಈ ವಿಚಾರಕ್ಕಾಗಿ ಅಕರ್ಲಾಫ್ 2001ರ ನೊಬೆಲ್ ಹಂಚಿಕೊಂಡರು.

ಹಾಗಾದರೆ ಅಂತರ್ಜಾಲದ ಹರಾಜು ಮುಚ್ಚಿಹೋಗಬೇಕಿತ್ತಲ್ಲವೇ? ಹೋಗಲಿಲ್ಲ. ಪ್ರತಿ ವ್ಯಾಪಾರದ ನಂತರ ಕೊಂಡವನು ತನ್ನ ಅಭಿಪ್ರಾಯ ಬರೆಯುವ ಏರ್ಪಾಡು ಅದನ್ನು ಉಳಿಸಿತು. ಒಳ್ಳೆಯ ಹೆಸರಿಗೆ ಬೆಲೆಯುಂಟೇ? ಅಮೆರಿಕದ ಸಂಶೋಧಕರು ಅದನ್ನೂ ಅಳೆದರು. ಒಳ್ಳೆಯ ಹೆಸರು ಗಳಿಸಿದ ಒಬ್ಬ ವ್ಯಾಪಾರಿಯೇ ಒಂದೇ ಬಗೆಯ ಹಳೆಯ ಅಂಚೆ ಕಾರ್ಡುಗಳನ್ನು ತನ್ನ ಹೆಸರಿನಲ್ಲೂ ಹೊಸ ಹೆಸರುಗಳಲ್ಲೂ ಮಾರಿದ. ಹಳೆಯ ಹೆಸರಿಗೆ ಸುಮಾರು ಶೇಕಡಾ 8ರಷ್ಟು ಹೆಚ್ಚು ಬೆಲೆ ಬಂತು. ಈ ಪ್ರಯೋಗದ ವರದಿ 2006ರಲ್ಲಿ ಪ್ರಕಟವಾಯಿತು. ಒಳ್ಳೆಯ ಹೆಸರೆಂಬುದು ಬಂಡವಾಳವೇ ಸರಿ.

ಮರಕ್ಕೂ ಬಾಯಾರಿಕೆ

ಗಿಟಾರಿನ ಬಿರುಕಿಗೆ ಬರೋಣ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಬಿಗಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಈ ಬದಲಾವಣೆ ಹೆಚ್ಚು. ನ್ಯೂಜೆರ್ಸಿಯ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಉರಿದು ಗಾಳಿ ಒಣಗುತ್ತದೆ. ತೆಳುವಾದ ಮೇಲುಹಲಗೆ ಅಡ್ಡಲಾಗಿ ಕುಗ್ಗಿ, ನಾರಿನ ಗುಂಟ ಸೀಳುತ್ತದೆ. ಮರದ ಗಿಟಾರಿಗೆ ಗಾಳಿಯ ತೇವಾಂಶ ಶೇಕಡಾ 45ರಿಂದ 55ರಷ್ಟಿದ್ದರೆ ಹಿತ.

ಸಾಲದ್ದಕ್ಕೆ ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70 ಕಿಲೋ ಭಾರಕ್ಕೆ ಸಮ. ದೊಡ್ಡವನೊಬ್ಬ ಹಗಲೂ ರಾತ್ರಿ ಜೋತುಬಿದ್ದಂತೆ! ಹೀಗಾಗಿ ಇಂದಿನ ಕೂದಲೆಳೆ ನಾಳೆ ದೊಡ್ಡ ಸೀಳಾಗಬಹುದು. ಪಾರ್ಸಲ್ ಮಾಡುವ ಮುನ್ನ ತಂತಿಗಳನ್ನು ಸಡಿಲಿಸಿ ಎನ್ನುವುದೂ ಇದಕ್ಕಾಗಿಯೇ.

ಹಳೆಯ ಗಿಟಾರು ಕೊಳ್ಳುವವರು ಒಂದು ಸುಲಭ ಪರೀಕ್ಷೆ ಮಾಡಬಹುದು. ತಂತಿಯನ್ನು ಹಾಗೆಯೇ ಮೀಟಿ, ಬಳಿಕ ಹನ್ನೆರಡನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿ. ಅಲ್ಲಿ ತಂತಿಯ ಉದ್ದ ಅರ್ಧವಾಗಿ ಕಂಪನಾಂಕ ಇಮ್ಮಡಿಯಾಗಬೇಕು. ಐದನೆಯ ತಂತಿ 110 ಹರ್ಟ್ಸ್‌ನಲ್ಲಿ ನುಡಿದರೆ ಅಲ್ಲಿ 220 ಬರಬೇಕು. ನಮ್ಮ ಸಂಗೀತದ ಮಾತಿನಲ್ಲಿ, ಷಡ್ಜ ಮೇಲಿನ ಷಡ್ಜವಾಗಬೇಕು. ಶ್ರುತಿ ತಪ್ಪಿದರೆ ಕುದುರೆಯಲ್ಲೋ ದಂಡಿಯಲ್ಲೋ ದೋಷವಿರಬಹುದು.

ಈಗ ಲೆಕ್ಕ ಕೂಡಿಸಿ. ಫೋಟೋದಲ್ಲಿ ಕಾಣದ ಬಿರುಕು ಪೆಟ್ಟಿಗೆ ತೆರೆದ ದಿನ ಕಂಡೇ ಕಾಣುತ್ತದೆ. ವಿವರಣೆಗೆ ತಕ್ಕಂತಿಲ್ಲದ ಮಾಲನ್ನು ಕೊಂಡವನು ಹಿಂದಿರುಗಿಸಬಹುದು. ಸಾಗಣೆಯ ಖರ್ಚು ಮಾರಿದವನ ತಲೆಗೆ, ಜೊತೆಗೆ ಕೆಟ್ಟ ಹೆಸರು. 'ಬಿರುಕಿನ ವಿಷಯವನ್ನೇ ಮೊದಲ ಸಾಲಿನಲ್ಲಿ ಬರೆ, ಹತ್ತಿರದಿಂದ ಫೋಟೋ ತೆಗೆ' ಎಂದೆ.

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲೂ 2000ದಲ್ಲಿ 'ಬಾಝೀ' ಎಂಬ ಹರಾಜು ತಾಣ ಶುರುವಾಗಿತ್ತು. 2004ರಲ್ಲಿ ಇಬೇ ಅದನ್ನು ಕೊಂಡಿತು. ಇಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ಇಲ್ಲಿ ಹಳೆಯ ಗಿಟಾರು ಮಾರುವವರು ಹೆಚ್ಚಾಗಿ ಜಾಹೀರಾತಿನ ತಾಣಗಳಲ್ಲಿ ಬೆಲೆ ಹಾಕಿ ಚೌಕಾಸಿಗೆ ನಿಲ್ಲುತ್ತಾರೆ. ಇಲ್ಲಿ ಮೋಸ ಹೋಗುವವನು ಮಾರುವವನೂ ಆಗಬಹುದು, ಎಚ್ಚರ! 'ಹಣ ಕಳಿಸುತ್ತೇನೆ, ಈ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ, ಪಿನ್ ಒತ್ತಿ' ಎನ್ನುವವನು ಗಿರಾಕಿಯಲ್ಲ, ಕಳ್ಳ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲೇ ಹೊರತು ಪಡೆಯಲು ಅಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಕ್ಕಳು ಮಾರುವಾಗ ದೊಡ್ಡವರು ಪಕ್ಕದಲ್ಲಿರಲಿ.

ಎರಡು ವಾರದ ಬಳಿಕ ಶಿಷ್ಯನ ಕರೆ ಬಂತು. 'ಅಂದುಕೊಂಡದ್ದಕ್ಕಿಂತ ನಲವತ್ತು ಡಾಲರ್ ಕಡಿಮೆಯೇ ಬಂತು ಸರ್' ಎಂದ. ಕೊಂಡವರು ಏನಾದರೂ ಬರೆದರೇ ಎಂದು ಕೇಳಿದೆ. 'ಹೇಳಿದ ಹಾಗೇ ಇದೆ, ಅಂತ ಬರೆದಿದ್ದಾರೆ. ಅದನ್ನ ಮಗಳು ನನಗೆ ಎರಡು ಸಲ ಓದಿ ಹೇಳಿದಳು' ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದ: 'ನಲವತ್ತು ಡಾಲರ್ ಹೋದರೆ ಹೋಗಲಿ ಸರ್. ಬಿರುಕು ಮುಚ್ಚಿಟ್ಟು ಮಾರಿದ್ದರೆ, ಅವಳ ಮುಂದೆ ತಲೆ ಎತ್ತಿ ಕೂರೋಕೆ ಆಗುತ್ತಿರಲಿಲ್ಲ.'

ನಾನು ಹೇಳಿದ ಲೆಕ್ಕದಲ್ಲಿ ಇದೊಂದು ಅಂಕಿ ಬಿಟ್ಟುಹೋಗಿತ್ತು. ಅದನ್ನು ಸೇರಿಸಿದವನು ಶಿಷ್ಯನೇ.