ಒರೆಗಲ್ಲನ್ನೇ ಒರೆಗೆ ಹಚ್ಚುವ ವಿದ್ಯೆ

ಒಂದು ರಾಸಾಯನಿಕ ಒಂದು ರೋಗದ ಮೇಲೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಳೆದು ಹೇಳುವ ಪರೀಕ್ಷೆಗೆ ಔಷಧ ಸಂಶೋಧಕರು ಇಟ್ಟಿರುವ ಹೆಸರು ಅಸ್ಸೇ. ಪದ ಬಂದದ್ದು ಚಿನ್ನದ ಕಸುಬಿನಿಂದ. ಕೋಲಾರದ ಗಣಿಗಳಲ್ಲಿ, ಹಳೆಯ ಅನಂತಪುರ ಜಿಲ್ಲೆಯ ರಾಮಗಿರಿ ಗಣಿಯಲ್ಲಿ ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಎಂದು ಲೆಕ್ಕ ಹಾಕುತ್ತಿದ್ದ ಕೆಲಸವೂ ಅಸ್ಸೇಯೇ. ಅಕ್ಕಸಾಲಿಗರ ಒರೆಗಲ್ಲು ಇದೇ ವಿದ್ಯೆಯ ಹಳೆಯ ರೂಪ. ತಂದ ಒಡವೆಯನ್ನು ಕಲ್ಲಿಗೆ ಉಜ್ಜಿದರಷ್ಟೇ ಸಾಲದು. ಗುಣ ಗೊತ್ತಿರುವ ಚಿನ್ನದ ಗೆರೆಯನ್ನು ಪಕ್ಕದಲ್ಲಿ ಎಳೆದು ಹೋಲಿಸಿದಾಗಲೇ ಬೆಲೆ ಹೇಳಲು ಬರುತ್ತದೆ. ಆ ಎರಡನೆಯ ಗೆರೆಗೆ ಪ್ರಯೋಗಾಲಯದಲ್ಲಿ ‘ಕಂಟ್ರೋಲ್’ ಎನ್ನುತ್ತಾರೆ. ಹೊಸ ಸಂಶೋಧಕರಿಗೆ ಕೊಡುವ ತರಬೇತಿ ಬಹುಮಟ್ಟಿಗೆ ಈ ಗೆರೆಯ ಸುತ್ತಲೇ ನಡೆಯುತ್ತದೆ.

ಔಷಧ ಹುಡುಕಾಟದ ಆರಂಭದಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಂಯುಕ್ತಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ 96, 384 ಅಥವಾ 1536 ಗುಳಿಗಳಿರುತ್ತವೆ. ಒಂದೊಂದು ಗುಳಿಯಲ್ಲಿ ಕಿಣ್ವ ಅಥವಾ ಜೀವಕೋಶ, ಅದರ ಮೇಲೆ ಒಂದು ಸಂಯುಕ್ತದ ಕೆಲವೇ ಮೈಕ್ರೋಲೀಟರ್ ದ್ರಾವಣ. ಬಣ್ಣ ಅಥವಾ ಬೆಳಕು ಬದಲಾಗುವುದನ್ನು ಯಂತ್ರ ಓದುತ್ತದೆ. ಪರೀಕ್ಷೆ ನೂರಕ್ಕೆ ಒಂದು ಸಲ ಮಾತ್ರ ತಪ್ಪು ಹೇಳುತ್ತದೆ ಎಂದಿಟ್ಟುಕೊಂಡರೂ ಒಂದು ಲಕ್ಷ ಸಂಯುಕ್ತಗಳಲ್ಲಿ ಸಾವಿರ ಸುಳ್ಳು ಹೆಸರುಗಳು ಪಟ್ಟಿಗೆ ಸೇರುತ್ತವೆ. ನಿಜವಾಗಿ ಕೆಲಸ ಮಾಡುವಂಥವು ಹತ್ತಿಪ್ಪತ್ತು ಇದ್ದರೆ ಅವು ಈ ಸಾವಿರದ ನಡುವೆ ಕಳೆದುಹೋಗುತ್ತವೆ. ರಸಾಯನ ವಿಜ್ಞಾನಿಗಳು ಸುಳ್ಳಿನ ಬೆನ್ನು ಹತ್ತಿ ವರ್ಷ ಕಳೆಯುವ ಅಪಾಯ ಹುಟ್ಟುವುದು ಇಲ್ಲಿಯೇ.

ಆದ್ದರಿಂದ ಸಂಯುಕ್ತಗಳಿಗಿಂತ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಬೇಕು. ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆಗೋಲು ‘ಝಡ್-ಪ್ರೈಮ್’. ಝಾಂಗ್, ಚಂಗ್ ಮತ್ತು ಓಲ್ಡನ್‌ಬರ್ಗ್ ಎಂಬ ಮೂವರು 1999ರಲ್ಲಿ ಇದನ್ನು ಪ್ರಕಟಿಸಿದರು. ಲೆಕ್ಕ ಹೈಸ್ಕೂಲಿನ ಮಕ್ಕಳೂ ಮಾಡುವಂಥದ್ದು. ಪೂರ್ಣ ಪರಿಣಾಮ ತೋರುವ ಗುಳಿಗಳ ಸರಾಸರಿ, ಪರಿಣಾಮವೇ ಇಲ್ಲದ ಗುಳಿಗಳ ಸರಾಸರಿ, ಇವೆರಡರ ಅಂತರ ಒಂದು ಕಡೆ. ಎರಡೂ ಗುಂಪುಗಳ ಮಾನಕ ವಿಚಲನೆಯ ಮೊತ್ತದ ಮೂರು ಪಟ್ಟು ಇನ್ನೊಂದು ಕಡೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಬೇಕು. ಒಂದು ಪ್ಲೇಟಿನಲ್ಲಿ ಸರಾಸರಿಗಳು 10,000 ಮತ್ತು 1,000, ವಿಚಲನೆಗಳು 500 ಮತ್ತು 250 ಆಗಿದ್ದರೆ ಉತ್ತರ 0.75. ಸರಾಸರಿಗಳು ಹಾಗೆಯೇ ಉಳಿದು ವಿಚಲನೆಗಳು 1,200 ಮತ್ತು 600ಕ್ಕೆ ಏರಿದರೆ ಉತ್ತರ 0.4ಕ್ಕೆ ಇಳಿಯುತ್ತದೆ. 0.5ಕ್ಕಿಂತ ಮೇಲಿದ್ದರೆ ಪರೀಕ್ಷೆ ಉತ್ತಮ ಎಂದು ವಾಡಿಕೆ. ಹತ್ತು ಪಟ್ಟು ಅಂತರ ಕಂಡು ಹಿಗ್ಗುವ ಹೊಸಬರಿಗೆ ಈ ಲೆಕ್ಕ ಒಳ್ಳೆಯ ಪಾಠ: ಅಂತರ ಎಷ್ಟೇ ದೊಡ್ಡದಿರಲಿ, ಅಳತೆ ಅಲ್ಲಾಡುತ್ತಿದ್ದರೆ ಅದನ್ನು ನಂಬುವಂತಿಲ್ಲ.

ಅಲ್ಲಾಟಕ್ಕೆ ಕಾರಣಗಳು ಹೆಚ್ಚಾಗಿ ಕೈಕೆಲಸದಲ್ಲಿರುತ್ತವೆ, ಪುಸ್ತಕದಲ್ಲಿ ಸಿಗುವುದಿಲ್ಲ. ಹಾಗಾಗಿ ಒಳ್ಳೆಯ ತರಬೇತಿ ಬಣ್ಣದ ನೀರು ಮತ್ತು ಪಿಪೆಟ್‌ನಿಂದ ಶುರುವಾಗುತ್ತದೆ: ಎಲ್ಲ ಗುಳಿಗೂ ಒಂದೇ ಪ್ರಮಾಣದ ಬಣ್ಣ ಹಾಕಿ, ಯಂತ್ರದಲ್ಲಿ ಓದಿ, ತನ್ನ ಕೈ ಎಲ್ಲಿ ತಪ್ಪುತ್ತದೆ ಎಂದು ತಾನೇ ಕಂಡುಕೊಳ್ಳುವುದು. ಆಮೇಲೆ ಅಂಚಿನ ಗುಳಿಗಳ ತೊಂದರೆ. ಪ್ಲೇಟಿನ ಅಂಚಿನಲ್ಲಿ ನೀರು ಬೇಗ ಆವಿಯಾಗುವುದರಿಂದ ಅಲ್ಲಿನ ಅಂಕಿಗಳು ಓರೆಯಾಗುತ್ತವೆ. ಅನೇಕರು ಆ ಸಾಲುಗಳಿಗೆ ಬರೀ ದ್ರಾವಣ ತುಂಬಿಸಿ ಲೆಕ್ಕದಿಂದ ಹೊರಗಿಡುತ್ತಾರೆ. ಸಂಯುಕ್ತಗಳನ್ನು ಕರಗಿಸುವ ಡಿಎಂಎಸ್‌ಒ ದ್ರಾವಕ ತಾನೇ ಜೀವಕೋಶಗಳನ್ನು ಬಾಧಿಸಬಲ್ಲದು, ಅದಕ್ಕೂ ಬೇರೆಯೇ ಪರೀಕ್ಷೆ ಬೇಕು. ಕಿಣ್ವದ ಕ್ರಿಯೆಯನ್ನಂತೂ ಆರಂಭದ ವೇಗದಲ್ಲಿಯೇ, ಅಂದರೆ ಮೂಲವಸ್ತುವಿನ ಹತ್ತನೇ ಒಂದು ಭಾಗ ಖರ್ಚಾಗುವುದರೊಳಗೆ ಅಳೆಯಬೇಕು. ತಡಮಾಡಿದರೆ ದುರ್ಬಲ ಪ್ರತಿಬಂಧಕ ಯಾವುದು, ಪ್ರಬಲ ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ. ಎಲ್ಲ ಸರಿಹೋದ ಮೇಲೂ ಗರಿಷ್ಠ, ಕನಿಷ್ಠ, ನಡುವಿನ ಸಂಕೇತಗಳನ್ನು ಪ್ಲೇಟಿನ ತುಂಬ ಹರಡಿ, ಮೂರು ದಿನ ಬೇರೆ ಬೇರೆಯಾಗಿ ಓಡಿಸಿ ನೋಡುವುದು ವಾಡಿಕೆ. ಒಂದೇ ದಿನ ಚೆನ್ನಾಗಿ ಬಂದ ಫಲಿತಾಂಶವನ್ನು ಅನುಭವಿಗಳು ಫಲಿತಾಂಶ ಎಂದೇ ಎಣಿಸುವುದಿಲ್ಲ.

ತರಬೇತಿಯ ಅತ್ಯಂತ ರೋಚಕ ಭಾಗ ಸಂಯುಕ್ತಗಳು ಹೇಳುವ ಸುಳ್ಳನ್ನು ಹಿಡಿಯುವುದು. ಮಿಂಚುಹುಳದ ಲೂಸಿಫರೇಸ್ ಕಿಣ್ವ ಬೆಳಕು ಸೂಸುವುದರಿಂದ ಅದನ್ನು ಜೀವಕೋಶದೊಳಗೆ ಸೂಚಕವಾಗಿ ಇಡುತ್ತಾರೆ. ಕೆಲವು ಸಂಯುಕ್ತಗಳು ಆ ಕಿಣ್ವಕ್ಕೇ ಅಂಟಿಕೊಂಡು ಅದು ನಶಿಸದಂತೆ ಕಾಯುತ್ತವೆ. ಕಿಣ್ವ ಶೇಖರವಾಗಿ ಬೆಳಕು ಹೆಚ್ಚುತ್ತದೆ, ರೋಗದ ವಿಷಯದಲ್ಲಿ ಏನೂ ನಡೆಯದಿದ್ದರೂ ಮದ್ದು ಸಿಕ್ಕಿತೆಂಬ ಭ್ರಮೆ ಮೂಡುತ್ತದೆ. ಇನ್ನು ಕೆಲವು ನೀರಿನಲ್ಲಿ ಪೂರ್ತಿ ಕರಗದೆ ಕಣ್ಣಿಗೆ ಕಾಣದ ಮುದ್ದೆ ಕಟ್ಟಿ, ಕಿಣ್ವವನ್ನು ತಮ್ಮ ಮೈಗೆ ಮೆತ್ತಿಕೊಳ್ಳುತ್ತವೆ. ಟ್ರೈಟಾನ್‌ನಂಥ ಮಾರ್ಜಕ ಒಂದಿಷ್ಟು ಹಾಕಿದರೆ ಆ ‘ಪರಿಣಾಮ’ ಮಾಯ. ಕನ್ನಡಿಗರಿಗೆ ತೀರ ಹತ್ತಿರದ ಉದಾಹರಣೆ ಅರಿಶಿನದ ಕರ್ಕ್ಯುಮಿನ್. ಅದು ಹಳದಿ, ತಾನೇ ಮಿನುಗುತ್ತದೆ, ತಟಸ್ಥ ದ್ರಾವಣದಲ್ಲಿ ಬೇಗನೆ ಒಡೆದುಹೋಗುತ್ತದೆ, ಕಂಡ ಕಂಡ ಪ್ರೋಟೀನಿಗೆ ತಗುಲಿಕೊಳ್ಳುತ್ತದೆ. 2017ರಲ್ಲಿ ಪ್ರಕಟವಾದ ವಿಸ್ತಾರವಾದ ವಿಮರ್ಶೆಯೊಂದು ಕರ್ಕ್ಯುಮಿನ್ ಬಗ್ಗೆ ಬಂದ ಅನೇಕ ಭರವಸೆಗಳ ಹಿಂದೆ ಇಂಥ ಅಡ್ಡಿಗಳೇ ಇರಬಹುದು ಎಂದು ತೋರಿಸಿತು. ಅಡುಗೆಮನೆಯ ಅರಿಶಿನದ ಮೇಲಿನ ಪ್ರೀತಿಗೆ ಇದರಿಂದ ಕುಂದಿಲ್ಲ. ಆದರೆ ಪ್ರೀತಿ ಇರುವ ಕಡೆಯೇ ಕಂಟ್ರೋಲ್ ಹೆಚ್ಚು ಬೇಕು. ಪರಿಹಾರ ಒಂದೇ: ಒಂದು ಪರೀಕ್ಷೆಯಲ್ಲಿ ಗೆದ್ದದ್ದನ್ನು ಬೇರೆ ತತ್ತ್ವದ ಮೇಲೆ ನಿಂತ ಎರಡನೆಯ ಪರೀಕ್ಷೆಗೆ ಒಡ್ಡಬೇಕು.

ಈ ಅನುಭವವನ್ನೆಲ್ಲ ಒಟ್ಟುಗೂಡಿಸಿದ ‘ಅಸ್ಸೇ ಗೈಡೆನ್ಸ್ ಮ್ಯಾನ್ಯುಯಲ್’ ಅಮೆರಿಕದ ಇಲೈ ಲಿಲ್ಲಿ ಕಂಪನಿಯೊಳಗಿನ ಕೈಪಿಡಿಯಾಗಿ ಹುಟ್ಟಿ, ಬಳಿಕ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಆಸರೆಯಲ್ಲಿ ಸಾರ್ವಜನಿಕವಾಯಿತು. ಯಾರು ಬೇಕಾದರೂ ಉಚಿತವಾಗಿ ಓದಬಹುದು. ಕಂಪನಿಗಳ ಗೋಡೆಯೊಳಗಿನ ಗುಟ್ಟು ಹೀಗೆ ಹೊರಬಂದದ್ದು ಸಣ್ಣ ಊರಿನ ಕಾಲೇಜುಗಳ ಮಟ್ಟಿಗೆ ದೊಡ್ಡ ಉಪಕಾರ.

ಕನ್ನಡ ನಾಡಿನಲ್ಲಿ ಈ ಕಸುಬು ಬೇರೂರಿದ್ದು ಬೆಂಗಳೂರಿನಲ್ಲಿ. 1980ರ ದಶಕದಲ್ಲಿ ಮಲ್ಲೇಶ್ವರಂನಲ್ಲಿ ಆಸ್ಟ್ರಾ ಸಂಶೋಧನಾ ಕೇಂದ್ರ ತೆರೆಯಿತು. 2003ರಲ್ಲಿ ಆಸ್ಟ್ರಾಜೆನೆಕಾ ಹೆಬ್ಬಾಳದ ಬಳಿ ಕ್ಷಯರೋಗದ ಔಷಧಗಳಿಗೆಂದೇ ದೊಡ್ಡ ಪ್ರಯೋಗಾಲಯ ಕಟ್ಟಿತು. ಅಲ್ಲಿ ರೂಪುಗೊಂಡ ಅಝಾಇಂಡೋಲ್ ಗುಂಪಿನ ಸಂಯುಕ್ತಗಳು ಕ್ಷಯದ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಲು ಬಳಸುವ ಡಿಪಿಆರ್‌ಇ1 ಕಿಣ್ವವನ್ನು ತಡೆಯುತ್ತವೆ. ಕಿಣ್ವದ ಪರೀಕ್ಷೆ, ಜೀವಂತ ಬ್ಯಾಕ್ಟೀರಿಯಾದ ಪರೀಕ್ಷೆ ಎರಡೂ ಒಂದೇ ಮಾತು ಹೇಳಿದವು. ಆ ಕಿಣ್ವದಲ್ಲಿ ಬದಲಾವಣೆಯಾದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗಲಿಲ್ಲ ಎಂಬ ಮೂರನೆಯ ಸಾಕ್ಷಿಯೂ ಸೇರಿತು. ಇವುಗಳಲ್ಲೊಂದು, ಟಿಬಿಎ-7371, ಮನುಷ್ಯರ ಮೇಲಿನ ಪ್ರಯೋಗದವರೆಗೆ ಹೋಯಿತು. ಕಂಪನಿ 2014ರಲ್ಲಿ ಆ ಕೇಂದ್ರ ಮುಚ್ಚುವ ನಿರ್ಧಾರ ಪ್ರಕಟಿಸಿದರೂ ಅಲ್ಲಿ ಪಳಗಿದ ಕೈಗಳು ನಗರದಲ್ಲಿ ಉಳಿದವು. 1993ರಲ್ಲಿ ಸ್ಥಾಪನೆಯಾದ ಸಿಂಜೀನ್‌ನಂಥ ಕಂಪನಿಗಳಲ್ಲಿ ಅಸ್ಸೇ ಕಟ್ಟುವುದು ದಿನನಿತ್ಯದ ಕೆಲಸ. ಜಿಕೆವಿಕೆ ಆವರಣದಲ್ಲಿ 2009ರಲ್ಲಿ ಶುರುವಾದ ಸಿ-ಕ್ಯಾಂಪ್ ಎಂಬ ಸಂಸ್ಥೆ ದುಬಾರಿ ಯಂತ್ರಗಳನ್ನು ಹೊರಗಿನ ಸಂಶೋಧಕರಿಗೂ ಒದಗಿಸಿ, ಅವುಗಳ ಬಳಕೆಯಲ್ಲಿ ತರಬೇತಿ ನೀಡುತ್ತದೆ.

ಆಂಧ್ರದ ಗಡಿಯ ಗುಡಿಬಂಡೆ, ಮಡಕಶಿರಾ, ರಾಯದುರ್ಗಗಳ ಕನ್ನಡ ಮನೆಗಳಿಂದ ವಿಜ್ಞಾನ, ಫಾರ್ಮಸಿ ಓದಲು ಹೊರಡುವವರಿಗೆ ಅನಂತಪುರ ಒಂದು ದಾರಿ, ಬೆಂಗಳೂರು ಇನ್ನೊಂದು. ಆದರೆ ಗುಳಿ ತುಂಬುವ ರೋಬೋಟ್ ಇಲ್ಲದ ಪದವಿ ಕಾಲೇಜಿನಲ್ಲೂ ಈ ವಿದ್ಯೆಯ ಮೊದಲ ಪಾಠ ಮಾಡಬಹುದು. ಡೈರಿಗಳಲ್ಲಿ ಹಾಲಿನ ಗುಣ ನೋಡಲು ಬಳಸಿದ ರೆಸಜುರಿನ್ ಎಂಬ ನೀಲಿ ಬಣ್ಣವೇ ಇದಕ್ಕೆ ಸಾಕು: ಜೀವಂತ ಬ್ಯಾಕ್ಟೀರಿಯಾ ಇದ್ದಲ್ಲಿ ಅದು ಗುಲಾಬಿಗೆ ತಿರುಗುತ್ತದೆ, ಸತ್ತಲ್ಲಿ ನೀಲಿಯಾಗಿಯೇ ಉಳಿಯುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಒಂದು ಎರಡಾಗಲು ಇಪ್ಪತ್ತು ಗಂಟೆಯಷ್ಟು ಬೇಕು, ಬಿಗಿ ಭದ್ರತೆಯ ಪ್ರಯೋಗಾಲಯವೂ ಬೇಕು. ಅದರ ಸೌಮ್ಯ ಬಂಧು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್‌ಗೆ ಮೂರು ಗಂಟೆ ಸಾಕು, ಆದ್ದರಿಂದ ಕಲಿಯುವವರಿಗೆ ಅದೇ ಒಗ್ಗುತ್ತದೆ. ಪರಿಣಾಮ ಮೊದಲೇ ಗೊತ್ತಿರುವ ಆಂಟಿಬಯೋಟಿಕ್ ಒಂದನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುವಾಗಿಸುತ್ತ ಹೋಗಬೇಕು. ಒಂದು ಸಾಲಿನಲ್ಲಿ ಔಷಧವಿಲ್ಲದ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಬ್ಯಾಕ್ಟೀರಿಯಾ ಇಲ್ಲದ ದ್ರಾವಣ. ನೀಲಿ ನಿಂತು ಗುಲಾಬಿ ಶುರುವಾಗುವ ಗುಳಿಯನ್ನು ಗುರುತು ಹಾಕಿ, ಮರುದಿನ ಇನ್ನೊಬ್ಬ ವಿದ್ಯಾರ್ಥಿ ಹಿಂದಿನ ಉತ್ತರ ನೋಡದೆ ಅದನ್ನೇ ಮಾಡಬೇಕು. ಎರಡೂ ಗುರುತುಗಳ ನಡುವೆ ಒಂದು ಗುಳಿಗಿಂತ ಹೆಚ್ಚು ಅಂತರ ಬಂದರೆ ಪಿಪೆಟ್ ಹಿಡಿದು ಮತ್ತೆ ಬಣ್ಣದ ನೀರಿನಿಂದ ಶುರು.