ಪೆನ್ಷನ್ ಪಡೆದ ಸಿ.ಐ.ಡಿ. 999

1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಜ್‌ಕುಮಾರ್ ಕಾವಿಯುಟ್ಟ ರಾಘವೇಂದ್ರ ಸ್ವಾಮಿ. ಎರಡೇ ವರ್ಷಕ್ಕೆ, ‘ಜೇಡರ ಬಲೆ’ಯಲ್ಲಿ, ಅದೇ ಅಣ್ಣಾವ್ರು ಸೂಟು ತೊಟ್ಟು ಪಿಸ್ತೂಲು ಹಿಡಿದ ಸಿ.ಐ.ಡಿ. 999 ಪ್ರಕಾಶ್!

ಈ ಸಾಹಸ ದೊರೆ-ಭಗವಾನ್ ಅವರದು. ದೊರೆ ಕ್ಯಾಮೆರಾ ಹಿಡಿದವರು, ಎಸ್.ಕೆ. ಭಗವಾನ್ ನಿರ್ದೇಶನದಲ್ಲಿ ಪಳಗಿದವರು. ಇಬ್ಬರೂ ಜೋಡಿಯಾಗಿ ನಿರ್ದೇಶಿಸಿದ ಮೊದಲ ಚಿತ್ರಕ್ಕೇ ಜೇಮ್ಸ್ ಬಾಂಡನ ದಾರಿ ಹಿಡಿದರು. ಬಾಂಡ್ ತೆರೆಗೆ ಬಂದು ಆಗಿನ್ನೂ ಆರು ವರ್ಷ. ಕಥೆ ಮಾತ್ರ ನಮ್ಮವರಿಗೆ ಒಗ್ಗುವಂಥದ್ದು: ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದ ವಿಜ್ಞಾನಿ, ಆ ಸೂತ್ರದ ಬೆನ್ನು ಬಿದ್ದ ಕೇಡಿಗಳು. ಅಣುಬಾಂಬಿನ ಭಯಕ್ಕಿಂತ ಚಿನ್ನದ ಆಸೆ ಗಾಂಧಿ ಕ್ಲಾಸಿನವರೆಗೂ ಬೇಗ ತಲುಪುತ್ತದೆ, ನೋಡಿ.

ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ನಾಯಕಿ ಲಕ್ಷ್ಮಿ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಮುಂದೆ ಹಿಂದಿಯನ್ನು ಆಳಿದ ರೇಖಾ ನಾಯಕಿಯಾಗಿ ಮೊದಲು ಕಾಣಿಸಿಕೊಂಡದ್ದು ಅದರಲ್ಲೇ.

ಆಮೇಲೆ ಈ ಜೋಡಿ ಕಾದಂಬರಿಗಳತ್ತ ಹೊರಳಿತು. ‘ಎರಡು ಕನಸು’, ‘ಬಯಲು ದಾರಿ’ಗಳನ್ನು ತೆಗಳುವ ಮಾತೇ ಇಲ್ಲ. ಆದರೂ ಅವುಗಳ ಭರಾಟೆಯಲ್ಲಿ 999 ಮೂಲೆ ಸೇರಿದ್ದು ನನಗೆ ಇಂದಿಗೂ ಹೊಟ್ಟೆಯುರಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಕೊನೆಯದು. ಬಾಲ್ಯದಲ್ಲೇ ಶಾಲೆ ಬಿಟ್ಟ ರಾಜ್‌ಕುಮಾರ್ ಅದರಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಇಂಗ್ಲಿಷ್ ಹಾಡನ್ನೇ ಹಾಡಿದರು. ನಾಲಿಗೆ ಎಲ್ಲೂ ತೊಡರಿಲ್ಲ; ಕೇಳಿದವರು ಬಿಟ್ಟಿಲ್ಲ.

ಈಗ ರವೀಂದ್ರನಗರದ ನಮ್ಮ ಬೀದಿಯ ಹುಡುಗರು ಮೊಬೈಲಿನಲ್ಲಿ ಕೊರಿಯಾದ ಗೂಢಚಾರರನ್ನು ನೋಡುತ್ತಾರೆ. “ಅಂಕಲ್, ಇದನ್ನ ನೋಡ್ಲೇಬೇಕು” ಎಂಬ ಒತ್ತಾಯ ಬೇರೆ. ಅಲ್ಲಿ ಈ ಅಲೆ ಎಬ್ಬಿಸಿದ್ದು 1999ರ ‘ಶಿರಿ’, ಕಾಂಗ್ ಜೆ-ಗ್ಯು ನಿರ್ದೇಶನದ್ದು. ದಕ್ಷಿಣ ಕೊರಿಯಾದ ಚಿತ್ರಮಂದಿರಗಳಲ್ಲಿ ‘ಟೈಟಾನಿಕ್’ ದಾಖಲೆಯನ್ನೇ ಅದು ಮುರಿಯಿತು. ಗುಂಡಿನ ಸುರಿಮಳೆಯಿದೆ, ನಿಜ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಮೀನು. ದಕ್ಷಿಣದ ಅಧಿಕಾರಿ ಮದುವೆಯಾಗಲಿರುವ ಹುಡುಗಿಯದು ಅಲಂಕಾರಿಕ ಮೀನಿನ ಅಂಗಡಿ. ಅವಳೇ ಉತ್ತರದ ಬೇಹುಗಾರ್ತಿ. ಕಚೇರಿಯ ಗಾಜಿನ ತೊಟ್ಟಿಯಲ್ಲಿ ಈಜುವ ಮೀನಿನ ಹೊಟ್ಟೆಯೊಳಗೆ ಕದ್ದಾಲಿಸುವ ಯಂತ್ರ! ಒಂದೇ ಭಾಷೆಯಾಡುವ, ಒಂದೇ ಊಟ ಉಣ್ಣುವ ಇಬ್ಬರು ಎದುರುಬದುರು ಪಿಸ್ತೂಲು ಹಿಡಿದಾಗ ಯಾರು ಗೆಲ್ಲಲಿ ಎಂದು ಹಾರೈಸುವುದು? ಕೊರಿಯಾದವರಿಗೆ ಈ ಕಥೆ ಕೊಟ್ಟದ್ದು ಅವರ ಒಡೆದ ದೇಶ. ನಮ್ಮ 999ಗೆ ಸಿಕ್ಕವರು ಚಿನ್ನ, ವಜ್ರದ ಆಸೆಬುರುಕರು. ಅವರನ್ನು ಕೊಂದರೆ ಅಳುವವರಿಲ್ಲ.

ಭಗವಾನ್ 2023ರ ಫೆಬ್ರುವರಿಯಲ್ಲಿ ತೀರಿಕೊಂಡರು. ದೊರೆ ಅದಕ್ಕೂ ಬಹಳ ಮೊದಲೇ ಹೋದರು. ಕೋಟಿ ಕೋಟಿ ಸುರಿಯುವ ನಿರ್ಮಾಪಕರು ಇಂದು ಕನ್ನಡದಲ್ಲೂ ಇದ್ದಾರೆ. ಅವರಲ್ಲೊಬ್ಬರು 999ನನ್ನು ಮತ್ತೆ ಕೆಲಸಕ್ಕೆ ಕರೆಯಲಿ. ಸುರಿಯುವ ದುಡ್ಡಿನಲ್ಲಿ ಕಥೆ ಬರೆಯುವವರ ಪಾಲನ್ನು ಮೊದಲೇ ತೆಗೆದಿಡಲಿ.