ರೇಷ್ಮೆ ಸೀಮೆಯಲ್ಲಿ ಗೆಳೆತನದ ಆಸರೆ

ಕಷ್ಟಕಾಲದಲ್ಲಿ ಒಬ್ಬ ವ್ಯಕ್ತಿಗೆ ಸುತ್ತಲಿನವರಿಂದ ದೊರೆಯುವ ಭಾವನಾತ್ಮಕ ಹಾಗೂ ವ್ಯಾವಹಾರಿಕ ನೆರವನ್ನು ಮನಶ್ಶಾಸ್ತ್ರವು ಸಾಮಾಜಿಕ ಆಸರೆ ಎಂದು ಕರೆಯುತ್ತದೆ. ಈ ಆಸರೆಯು ಕಷ್ಟವನ್ನೇ ತೆಗೆದುಹಾಕದಿದ್ದರೂ ಅದರ ಪೆಟ್ಟು ಮನಸ್ಸಿಗೆ ನೇರವಾಗಿ ತಗುಲದಂತೆ ತಡೆಯುತ್ತದೆ ಎಂಬ ವಾದವನ್ನು ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ 1985ರಲ್ಲಿ ವಿವರವಾಗಿ ಮಂಡಿಸಿದರು.

ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೇಷ್ಮೆ ಬೆಳೆಗಾರರ ಬದುಕಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಹುಳು ಸಾಕಣೆಯ ಸುಮಾರು ನಾಲ್ಕು ವಾರಗಳಲ್ಲಿ ಕೊನೆಯ ದಿನಗಳು ಬಂದಾಗ ಬಿಡುವಿಲ್ಲದೆ ಹಿಪ್ಪುನೇರಳೆ ಸೊಪ್ಪು ಹಾಕಬೇಕಾಗುವುದರಿಂದ ಇಡೀ ಕುಟುಂಬವೇ ಹುಳುಮನೆಗೆ ಕಟ್ಟುಬೀಳುತ್ತದೆ. ಅಷ್ಟಾದ ಮೇಲೂ ರೋಗ ತಗುಲಿದರೆ ಬೆಳೆ ಕೈಕೊಡುತ್ತದೆ, ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಬೆಲೆ ಕುಸಿದರೆ ಸಾಲ ಉಳಿಯುತ್ತದೆ. ಆಗ ಅದೇ ಕಷ್ಟವನ್ನು ಕಂಡುಂಡ ಪಕ್ಕದ ತೋಟದ ಗೆಳೆಯ ಆಡುವ ಮಾತು, ಸೋಲು ತನ್ನೊಬ್ಬನ ಅಯೋಗ್ಯತೆ ಎಂಬ ಭಾವನೆಯನ್ನು ಸಡಿಲಿಸುತ್ತದೆ; ಮನೆಯವರಿಗೆ ಇದು ಬಹಳ ಸಲ ಸಾಧ್ಯವಾಗದು, ಏಕೆಂದರೆ ಅವರೂ ಅದೇ ಸಾಲದಲ್ಲಿ ಭಾಗಿಗಳು. ಗೌರಿಬಿದನೂರು, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ತವರಿನ ಗೆಳತಿಯರಿಂದ ದೂರವಾಗಿ ಬಂದ ಸೊಸೆಗೆ ಸ್ತ್ರೀಶಕ್ತಿ ಸಂಘದ ಸಭೆಯು ಉಳಿತಾಯದಷ್ಟೇ ಸ್ನೇಹಕ್ಕೂ ನೆಲೆಯಾಗಬಲ್ಲದು.

ಇಂಥ ಸ್ನೇಹದ ಕೊರತೆ ಈ ಹಳ್ಳಿಗಳಿಗಷ್ಟೇ ಸೀಮಿತವಲ್ಲ: ಜಗತ್ತಿನ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರಲ್ಲಿ ವರದಿ ಮಾಡಿತು.

ಆದರೆ ಗೆಳೆತನವು ಚಿಕಿತ್ಸೆಗೆ ಬದಲಿಯಲ್ಲ. ನಿದ್ರೆ, ಹಸಿವು, ಉತ್ಸಾಹ ಎರಡು ವಾರ ಮೀರಿ ಕುಂದಿದವರನ್ನು, ಸಾವಿನ ಮಾತಾಡುವವರನ್ನು ಗೆಳೆಯರು ಸಮಾಧಾನಪಡಿಸಿ ಸುಮ್ಮನಾಗದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.